ಪಟ್ಟದಕಲ್ಲಿನ ಲೋಕೇಶ್ವರ

ಬಾದಾಮಿಯಿಂದ ಸುಮಾರು 22 ಕಿಲೋಮೀಟರು ದೂರದಲ್ಲಿ, ಮಲಪ್ರಭೆಯು ಉತ್ತರಾಭಿಮುಖಿಯಾಗಿ ಹರಿಯುವೆಡೆ, ಚಾಲುಕ್ಯ ಅರಸರ ಪಟ್ಟಾಭಿಷೇಕದ ಕ್ಷೇತ್ರವೆಂದು ಪ್ರಸಿದ್ಧವಾದ ಪಟ್ಟದಕಲ್ಲಿದೆ. ಅರಸುಮನೆತನದವರು ದೇಶದೇಶಗಳ ಚಿತ್ರಪ್ರತಿಮೆಗಳನ್ನು ತರಿಸಿ ಸೌಧಗಳಲ್ಲಿ ಕೂಡಿಟ್ಟ ವೃತ್ತಾಂತಗಳನ್ನು ನಾವು ಬಲ್ಲೆವು. ಇಲ್ಲಿಯಾದರೋ ಕೆಂಗಲ್ಲಿನ ಗೋಡೆ, ಕಂಬ, ಜಾಲಂಧ್ರ, ಮುಚ್ಚಿಗೆಗಳೇ ಕಲಾಸಂಗ್ರಹ.

ಎರಡನೆಯ ವಿಕ್ರಮಾದಿತ್ಯನು ಪಲ್ಲವರ ಕಾಂಚಿಯನ್ನು ಗೆದ್ದಾಗ, ಅಲ್ಲಿಯ ಕೈಲಾಸನಾಥ ದೇಗುಲದ ಐಶ್ವರ್ಯವನ್ನು ಕಂಡು, ಅದನ್ನು ಅಪಹರಿಸದೆ ದೇವರಿಗೇ ಹಿಂದಿರುಗಿಸಿದನೆಂದು ಅದೇ ದೇಗುಲದಲ್ಲಿ ಅವನು ಕೊರೆಯಿಸಿದ ಕನ್ನಡ ಶಾಸನವು ಸಾರುತ್ತದೆ. ಧನವನ್ನು ಬಿಟ್ಟು ಬಂದವನು ಅಭಿರುಚಿಯನ್ನು ಬಿಟ್ಟುಬರಲಿಲ್ಲ. ಆ ವಿಜಯದ ಸ್ಮರಣಾರ್ಥವಾಗಿ, ಸುಮಾರು 740ರಲ್ಲಿ, ಅವನ ರಾಣಿ ಲೋಕಮಹಾದೇವಿಯು ಇಲ್ಲಿ ಎತ್ತಿಸಿದ ಲೋಕೇಶ್ವರವೇ ಇಂದಿನ ವಿರೂಪಾಕ್ಷ ದೇವಾಲಯ. ಅದರ ಮಗ್ಗುಲಲ್ಲಿಯೇ, ಕೊಂಚ ಕಿರಿದಾಗಿ, ತಂಗಿ ತ್ರೈಲೋಕ್ಯಮಹಾದೇವಿಯ ಮಲ್ಲಿಕಾರ್ಜುನ ದೇಗುಲ. ಅಕ್ಕತಂಗಿಯರಲ್ಲಿ ಪೈಪೋಟಿಯಿತ್ತೋ ಪ್ರೀತಿಯಿತ್ತೋ, ಎರಡೂ ಇದ್ದಿರಬೇಕೆಂದು ನನ್ನ ಊಹೆ. ರಾಣಿಯ ಹೆಸರಿನೊಡನೆ ಕೆಲಸಗಾರನ ಹೆಸರೂ ಶಾಸನದಲ್ಲಿ ಉಳಿದಿರುವುದು ನಮ್ಮ ಭಾಗ್ಯ: ಲೋಕೇಶ್ವರವನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆಯಿತು.

ಮೂಡಣ ಮುಖಮಂಟಪದಲ್ಲಿ ತಲೆಯೆತ್ತಿದರೆ ಮುಚ್ಚಿಗೆಯಲ್ಲಿ ಏಳು ಕುದುರೆಗಳ ರಥವೇರಿದ ಸೂರ್ಯ. ಒಳಗಡಿಯಿಟ್ಟರೆ ಕಂಬಗಳ ಪಟ್ಟಿಕೆಗಳಲ್ಲಿ ರಾವಣನನ್ನು ಅಡ್ಡಗಟ್ಟಿದ ಜಟಾಯು, ಶರಶಯ್ಯೆಯ ಭೀಷ್ಮ. ಜಾಲಂಧ್ರಗಳಂತೂ ಒಂದರಂತೆ ಒಂದಿಲ್ಲ. ಅವು ಬೆಳಕನ್ನು ಜರಡಿ ಹಿಡಿದಂತೆ ಸೋಸಿ ಒಳಗೆ ಬಿಡುತ್ತವೆ. ಎದುರಿನ ಮಂಟಪದ ಕರಿಕಲ್ಲಿನ ನಂದಿಯ ಮೈ ಮುಟ್ಟಿದ ಕೈಗಳಿಂದ ನುಣುಪಾಗಿದೆ. ಈ ಗುಡಿಯಲ್ಲಿ ಪೂಜೆ ಇಂದಿಗೂ ನಡೆಯುತ್ತಿರುವುದರಿಂದ ಪಾದರಕ್ಷೆಗಳನ್ನು ಹೊರಗೆ ಬಿಟ್ಟೇ ಹೋಗಬೇಕು.

1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಆವರಣದ ಹಸುರು ಹುಲ್ಲುಹಾಸು ಕಣ್ಣಿಗೆ ತಂಪೇನೋ ಹೌದು, ಆದರೆ ಬಿಸಿಲಿನ ಈ ಸೀಮೆಗೆ ಅದು ಎರವಿನ ಒಡವೆ ಎನ್ನದಿರಲಾರೆ. ಅದರ ನಡುವೆ ಗಳಗನಾಥ, ಜಂಬುಲಿಂಗಗಳ ರೇಖಾನಾಗರ ಶಿಖರಗಳೂ, ವಿಜಯಾದಿತ್ಯನ ಸಂಗಮೇಶ್ವರದ ದ್ರಾವಿಡ ವಿಮಾನವೂ ಕೂಗಳತೆಯಲ್ಲಿ ನಿಂತಿವೆ. ಬಾದಾಮಿ, ಐಹೊಳೆಗಳನ್ನೂ ಒಂದೇ ದಿನದಲ್ಲಿ ಮುಗಿಸುವ ಅವಸರದ ಯಾತ್ರಿಕರು ಇಲ್ಲಿಂದಲೇ ಹಿಂದಿರುಗುವರು. ತೆಂಕಣಕ್ಕೆ, ನದಿಯ ಬದಿಯ ಪಾಪನಾಥದವರೆಗೆ ನಡೆಯುವವರು ವಿರಳ. ನಾಗರ ಶಿಖರವನ್ನು ದ್ರಾವಿಡ ಗೋಡೆಯ ಮೇಲೆ ಹೊತ್ತ ಆ ಗುಡಿಯ ಅನುಪಾತವು ನನಗೆ ರುಚಿಸದು. ಆದರೂ ಅದರ ಹೊರಗೋಡೆಯಲ್ಲಿ ರಾಮಾಯಣವಿದೆ, ಪಾತ್ರಗಳ ಹೆಸರನ್ನು ಕಲ್ಲಿನಲ್ಲಿಯೇ ಬರೆದುದರಿಂದ ಮಾರ್ಗದರ್ಶಿಯಿಲ್ಲದೆಯೂ ನೋಡಬಹುದು.