ಓಟದ ನೆಪ, ನೆಂಟರ ಮನೆ

ನಮ್ಮ ವಯಸ್ಸಿನವರು ನೆಂಟರ ಮನೆಗೆ ಹೋಗುವುದು ಎರಡೇ ಕಾರಣಕ್ಕೆ. ಒಂದು ಮದುವೆ, ಇನ್ನೊಂದು ಉತ್ತರಕ್ರಿಯೆ. ಎರಡರಲ್ಲೂ ಊಟ ಮುಗಿಸಿ, ಕೈ ತೊಳೆದು, ‘ಬರ್ತೇವೆ’ ಎಂದು ಹೊರಟರೆ ಮುಗಿಯಿತು. ಈಚೆಗೆ ಇದಕ್ಕೆ ಮೂರನೆಯ ಕಾರಣವೊಂದು ಸೇರಿಕೊಂಡಿದೆ: ಮ್ಯಾರಥಾನ್.

ಓಡುವ ಹುಚ್ಚು ಹತ್ತಿದವರಿಗೆ ಕಾಲೇಜು ಮೈದಾನ ಬೇಗ ಸಾಕಾಗುತ್ತದೆ. ಆಮೇಲೆ ಬೇರೆ ಊರಿನ ಓಟಗಳ ಮೇಲೆ ಕಣ್ಣು. ಬೆಂಗಳೂರಿನ 10ಕೆ, ದೆಹಲಿಯ ಹಾಫ್ ಮ್ಯಾರಥಾನ್, ಕೋಲ್ಕತ್ತದ 25ಕೆ, ಸಾತಾರಾದ ಗುಡ್ಡದ ಓಟ, ಲಡಾಖ್ ಮ್ಯಾರಥಾನ್ ಹೀಗೆ ಪಟ್ಟಿ ಬೆಳೆಯುತ್ತದೆ. ಓಟವನ್ನೇ ಗುರಿಯಾಗಿಟ್ಟುಕೊಂಡು ಪ್ರವಾಸ ಹೋಗುವ ಇದಕ್ಕೆ ‘ಡೆಸ್ಟಿನೇಷನ್ ರೇಸ್’ ಎನ್ನುತ್ತಾರೆ. ಪ್ರವೇಶ ಶುಲ್ಕ ಮತ್ತು ಸ್ಲೀಪರ್ ಕ್ಲಾಸ್ ಟಿಕೆಟ್ ವಿದ್ಯಾರ್ಥಿಯ ಜೇಬಿಗೆ ಹೇಗೋ ಎಟುಕುತ್ತದೆ, ಲಾಡ್ಜ್ ಬಾಡಿಗೆ ಎಟುಕುವುದಿಲ್ಲ. ಹಾಗಾಗಿ ಓಟದ ತಾರೀಖು ನೋಡಿದ ಕೂಡಲೇ ನಾವು ಹುಡುಕುವುದು, ಆ ಊರಿನಲ್ಲಿ ನಮ್ಮವರು ಯಾರಿದ್ದಾರೆ ಎಂದು.

ಮುಂಬೈ ಆದರೆ ಕರಾವಳಿಯವರಿಗೆ ಆ ಚಿಂತೆಯಿಲ್ಲ. ಕುಂದಾಪುರ, ಉಡುಪಿ ಕಡೆಯ ಯಾವ ಮನೆಯಲ್ಲಿ ಕೇಳಿದರೂ ಅಲ್ಲಿ ಒಬ್ಬರಾದರೂ ಇರುತ್ತಾರೆ. ಮಾಟುಂಗಾ ಸ್ಟೇಷನ್ ಬಳಿ ಎ. ರಾಮ ನಾಯಕ್ 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಲೆಯಲ್ಲಿ ಬಡಿಸುತ್ತಿದೆ. ಅಂಥ ಹೋಟೆಲುಗಳಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ನಮ್ಮೂರಿನ ಹುಡುಗರಿಗೆ ಲೆಕ್ಕವಿಲ್ಲ. ನನ್ನ ದೊಡ್ಡಪ್ಪ ಅವರಲ್ಲಿ ಒಬ್ಬರು.

ಆದರೆ ದೊಡ್ಡಪ್ಪನ ಮನೆಗೂ ನಮ್ಮ ಮನೆಗೂ ಆರು ವರ್ಷದಿಂದ ಸರಿಯಾದ ಮಾತಿರಲಿಲ್ಲ. ಊರಿನ ಮನೆ ಪಾಲಾಗುವಾಗ ಹಿತ್ತಲಿನ ತೆಂಗಿನ ಸಾಲಿನ ಬಗ್ಗೆ ಎದ್ದ ಮಾತು ಬೆಳೆದು, ಅಣ್ಣ–ತಮ್ಮಂದಿರ ನಡುವೆ ಮೌನ ಕೂತಿತ್ತು. ಜಗಳ ಎನ್ನುವಂಥದ್ದೇನೂ ಅಲ್ಲ. ಹಬ್ಬಕ್ಕೆ ಫೋನ್ ಇಲ್ಲ, ಅಷ್ಟೇ. ನಾನು ಮುಂಬೈ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ ಎಂದಾಗ ಅಪ್ಪಯ್ಯ ಪೇಪರಿನಿಂದ ತಲೆ ಎತ್ತದೆ ಹೇಳಿದರು, “ಹ್ವಾಪುದಾರೆ ಅಣ್ಣನ ಮನಿಯಂಗೇ ಉಳ್ಕೊ.”

ಆಮೇಲೆ ಯೋಚಿಸಿದಾಗ ಅದರ ಅರ್ಥ ಹೊಳೆಯಿತು. ಸುಮ್ಮನೆ ಹೋಗಿದ್ದರೆ ‘ಯಾಕೆ ಕಳಿಸಿದರು’ ಎಂಬ ಪ್ರಶ್ನೆ ಏಳುತ್ತಿತ್ತು. ಓಟಕ್ಕೆ ಹೋಗುವವನನ್ನು ಯಾರೂ ಹಾಗೆ ಕೇಳುವುದಿಲ್ಲ. ಯಾರೂ ಸೋಲದೆ, ಯಾರೂ ಬಗ್ಗದೆ ಬಾಗಿಲು ತೆರೆಯಲು ಅದೊಂದು ನೆಪ.

ಎರಡು ಟೈಮ್‌ಟೇಬಲ್

ಮುಂಬೈ ಮ್ಯಾರಥಾನ್ ಶುರುವಾದದ್ದು 2004ರಲ್ಲಿ. ಜನವರಿಯ ಮೂರನೇ ಭಾನುವಾರ ನಡೆಯುವುದು ವಾಡಿಕೆ. 2025ರಲ್ಲಿ ಅದು ಜನವರಿ 19ಕ್ಕೆ ಬಂದಿತ್ತು. ಗುರುವಾರ ಸಂಜೆ ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತಿ, ಶುಕ್ರವಾರ ಬೆಳಿಗ್ಗೆ ಠಾಣೆಯಲ್ಲಿ ಇಳಿದು, ಲೋಕಲ್ ಹಿಡಿದು ಡೊಂಬಿವಲಿಗೆ ಹೋದೆ. ಬ್ಯಾಗಿನಲ್ಲಿ ಓಡುವ ಶೂ ಒಂದು ಜತೆ. ಉಳಿದದ್ದೆಲ್ಲ ಅಮ್ಮ ತುಂಬಿಸಿದ ಕುಚ್ಚಲಕ್ಕಿ, ಹಲಸಿನ ಹಪ್ಪಳ ಮತ್ತು ಅಪ್ಪಯ್ಯ ತಾವೇ ಸುಲಿದು ಕೊಟ್ಟ ನಾಲ್ಕು ತೆಂಗಿನಕಾಯಿ. ಯಾವ ಸಾಲಿನ ಮರದ್ದು ಎಂದು ನಾನು ಕೇಳಲಿಲ್ಲ.

ನೆಂಟಸ್ತಿಕೆ ಮತ್ತು ಓಟ, ಎರಡರ ಟೈಮ್‌ಟೇಬಲ್ ಒಂದಕ್ಕೊಂದು ವಿರುದ್ಧ. ನೆಂಟರ ಮನೆಯಲ್ಲಿ ಒತ್ತಾಯ ಮಾಡಿ ಬಡಿಸುತ್ತಾರೆ, ಓಟದ ಹಿಂದಿನ ದಿನ ಹೊಟ್ಟೆಗೆ ಹೊಸದೇನೂ ಬೀಳಬಾರದು. ನೆಂಟರ ಮನೆಯಲ್ಲಿ ಮಾತು ಶುರುವಾಗುವುದೇ ರಾತ್ರಿ ಊಟದ ಮೇಲೆ, ಓಡುವವನು ಎಂಟೂವರೆಗೆ ಮಲಗಬೇಕು. ನಡುವೆ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ಗೆ ಹೋಗಿ ಎದೆಗೆ ಅಂಟಿಸುವ ಬಿಬ್ ತರಬೇಕು. ಅದಕ್ಕೇ ಅರ್ಧ ದಿನ ಹೋಗುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಸರಳ. ಹೋಗುವ ಮೊದಲೇ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಶನಿವಾರ ರಾತ್ರಿ ಬೇಗ ಮಲಗುತ್ತೇನೆ, ಭಾನುವಾರ ಎರಡು ಗಂಟೆಗೆ ಏಳುತ್ತೇನೆ, ಆದರೆ ಮಂಗಳವಾರದವರೆಗೆ ಇರುತ್ತೇನೆ. ಮೀನು ಸಾರು, ಸುಕ್ಕ ಏನಿದ್ದರೂ ಭಾನುವಾರ ಮಧ್ಯಾಹ್ನಕ್ಕೆ. ಓಟ ಮುಗಿಸಿ ಅದೇ ಸಂಜೆ ರೈಲು ಹತ್ತಿದರೆ ನೆಂಟರ ಮನೆ ಪುಕ್ಕಟೆ ಲಾಡ್ಜ್ ಆಗುತ್ತದೆ. ಓಟದ ಮೊದಲು ಎಷ್ಟು ದಿನವೋ, ಓಟದ ನಂತರವೂ ಅಷ್ಟು ದಿನ ಎಂದು ಲೆಕ್ಕ ಹಾಕಿಕೊಂಡರೆ ಇಬ್ಬರಿಗೂ ಸಮಾಧಾನ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆಯಷ್ಟು ಅನುಕೂಲ ಇನ್ನೊಂದಿಲ್ಲ. ದೂರ ಓಡಲು ಸ್ನಾಯುಗಳಲ್ಲಿ ಗ್ಲೈಕೋಜನ್ ತುಂಬಿಕೊಂಡಿರಬೇಕು. ಅದು ಬರುವುದು ಅನ್ನದಂಥ ಪಿಷ್ಟದ ಆಹಾರದಿಂದ. ಎಣ್ಣೆ, ಖಾರ ಕಡಿಮೆ ಇದ್ದಷ್ಟೂ ಹೊಟ್ಟೆಗೆ ಹಗುರ. ಶನಿವಾರ ರಾತ್ರಿ ಅನ್ನ, ತಿಳಿಸಾರು, ಮಜ್ಜಿಗೆ. ಓಟದ ದಿನ ನಸುಕಿನಲ್ಲಿ ಎರಡು ಇಡ್ಲಿ, ಒಂದು ಬಾಳೆಹಣ್ಣು. ತಟ್ಟೆ ನೋಡಿ ದೊಡ್ಡಮ್ಮನಿಗೆ ಸಂಕಟ. “ಇಷ್ಟೇ ಉಂಬುದಾ ಮಗಾ? ಇಷ್ಟ್ ಉಂಡ್ರೆ ಓಡುಕಾತ್ತಾ?” ದೊಡ್ಡಪ್ಪನ ಪ್ರಶ್ನೆ ಬೇರೆ. “ಓಡುಕೆ ನೀವೇ ದುಡ್ಡ್ ಕೊಡೂದಾ?”

ಸಂಕ್ರಾಂತಿ ಕಳೆದು ನಾಲ್ಕೇ ದಿನವಾಗಿತ್ತು. ಪಕ್ಕದ ಮನೆಯ ಮರಾಠಿ ಅಜ್ಜಿ ಎಳ್ಳುಂಡೆ ತಂದು ಕೊಟ್ಟು ‘ತಿಳ್‌ಗುಳ್ ಘ್ಯಾ, ಗೋಡ್ ಗೋಡ್ ಬೋಲಾ’ ಎಂದರು. ಎಳ್ಳು–ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುವ ನಮ್ಮ ಮಾತೇ ಅದು. ದೊಡ್ಡಪ್ಪ ಒಂದು ಉಂಡೆ ಬಾಯಿಗೆ ಹಾಕಿಕೊಂಡು, “ನಿನ್ನ ಅಪ್ಪ ಹ್ಯಾಂಗಿದ್ದ?” ಎಂದು ಮೊದಲ ಬಾರಿ ಕೇಳಿದರು.

ಮಾಹಿಮ್‌ನಿಂದ ಫೋರ್ಟ್‌ಗೆ

ಓಟದ ದಿನ ಮಧ್ಯ ಮತ್ತು ಪಶ್ಚಿಮ ರೈಲ್ವೆಗಳು ನಸುಕಿನಲ್ಲೇ ವಿಶೇಷ ಲೋಕಲ್ ಓಡಿಸುತ್ತವೆ. ದೊಡ್ಡಪ್ಪ ಬೇಡವೆಂದರೂ ಕೇಳದೆ ಸ್ವೆಟರ್ ಹಾಕಿಕೊಂಡು ಹೊರಟರು. ದಾದರ್‌ನಲ್ಲಿ ನಾನು ಇಳಿದು ಮಾಹಿಮ್ ಕಡೆಗೆ ಗಾಡಿ ಬದಲಿಸಿದೆ, ಅವರು ಅದೇ ರೈಲಿನಲ್ಲಿ ಸಿಎಸ್‌ಎಂಟಿಗೆ ಹೋದರು. ಹಾಫ್ ಮ್ಯಾರಥಾನ್ ಮಾಹಿಮ್‌ನಲ್ಲಿ ಶುರುವಾಗಿ ಸಿಎಸ್‌ಎಂಟಿ ಹತ್ತಿರ ಮುಗಿಯುತ್ತದೆ.

ಬೆಳಿಗ್ಗೆ ಐದಕ್ಕೆ ಓಟ ಆರಂಭ. ಸುಮಾರು 5.6 ಕಿಲೋಮೀಟರ್ ಉದ್ದದ ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೆ ಬೇರೆ ದಿನಗಳಲ್ಲಿ ಕಾಲ್ನಡಿಗೆಗೆ ಅವಕಾಶವೇ ಇಲ್ಲ. ಅಂದು ಕತ್ತಲಲ್ಲಿ, ಎರಡೂ ಬದಿಗೆ ಸಮುದ್ರವಿಟ್ಟುಕೊಂಡು ಸಾವಿರಾರು ಜನ ಓಡುತ್ತಾರೆ. ಶೂಗಳ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಹಾಜಿ ಅಲಿ ದಾಟಿದ ಮೇಲೆ ಪೆಡ್ಡರ್ ರೋಡಿನ ಏರು. ಕಾಲು ಸೋಲುವ ಹೊತ್ತಿಗೇ ಅದು ಎದುರಾಗುತ್ತದೆ. ಅಲ್ಲಿನ ನಿವಾಸಿಗಳು ಬೀದಿಗಿಳಿದು ಬಿಸ್ಕತ್ತು, ಕಿತ್ತಳೆ ತೊಳೆ ಹಿಡಿದು, ಬಿಬ್ ಮೇಲಿನ ಹೆಸರು ಓದಿ ಕೂಗುತ್ತಾರೆ. ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದವರು ಹೆಸರು ಹಿಡಿದು ಕರೆದರೆ ನಿಲ್ಲಲು ಮನಸ್ಸಾಗುವುದಿಲ್ಲ. ಮರೀನ್ ಡ್ರೈವ್‌ಗೆ ಬರುವಾಗ ಬೆಳಕಾಗಿತ್ತು. 2 ಗಂಟೆ 14 ನಿಮಿಷಕ್ಕೆ ಮುಗಿಸಿದೆ.

ದೊಡ್ಡಪ್ಪ ನನಗಾಗಿ ಕಾಯುತ್ತಿದ್ದರು. ಮೆಡಲನ್ನು ಕೈಯಲ್ಲಿ ತೂಗಿ ನೋಡಿ, “ಬಾ, ನಡೂಕಾತ್ತಾ?” ಎಂದು ಬೋರಾ ಬಜಾರ್ ಕಡೆಗೆ ಕರೆದುಕೊಂಡು ಹೋದರು. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಬಂದು ಅವರು ಕೆಲಸಕ್ಕೆ ಸೇರಿದ್ದ ಹೋಟೆಲು ಇದ್ದದ್ದು ಆ ಸುತ್ತಿನಲ್ಲೇ. ಈಗ ಅಲ್ಲಿ ಮೊಬೈಲ್ ಅಂಗಡಿ. ಹೋಟೆಲು ಮುಚ್ಚಿದ ಮೇಲೆ ಅದೇ ಟೇಬಲ್ ಜೋಡಿಸಿ ಮಲಗುತ್ತಿದ್ದದ್ದು, ರಾತ್ರಿ ಶಾಲೆಗೆ ಓಡಿ ಹೋಗುತ್ತಿದ್ದದ್ದು ಎಲ್ಲವನ್ನೂ ಅಂಗಡಿಯ ಶಟರ್ ಮುಂದೆ ನಿಂತೇ ಹೇಳಿದರು. ನಿವೃತ್ತಿಯಾದ ಮೇಲೆ ಅವರು ಆ ಕಡೆ ಬಂದಿರಲೇ ಇಲ್ಲವಂತೆ.

ಕಾಲು ಹಿಡಿದುಕೊಂಡ ದಿನ

ದೂರ ಓಡಿದವರ ಸ್ನಾಯು ನೋವು ಹೆಚ್ಚಾಗುವುದು ಒಂದು ದಿನ ಕಳೆದ ಮೇಲೆ. 24ರಿಂದ 72 ಗಂಟೆಗಳವರೆಗೆ ಅದು ಕಾಡುತ್ತದೆ. ಮೆಟ್ಟಿಲು ಇಳಿಯುವುದು ಶಿಕ್ಷೆ. ಹಾಗಾಗಿ ಸೋಮವಾರ ನಾನು ಗೇಟ್‌ವೇ ನೋಡಲಿಲ್ಲ, ಶಾಪಿಂಗ್ ಹೋಗಲಿಲ್ಲ. ಚಾಪೆ ಹಾಸಿ ಗೋಡೆಗೆ ಒರಗಿ ಕುಳಿತೆ. ಇಡೀ ದಿನ ಎದ್ದು ಹೋಗಲಾರದ ಹುಡುಗ ಸಿಗುವುದು ಹಿರಿಯರಿಗೆ ಅಪರೂಪ. ದೊಡ್ಡಪ್ಪ ಮಾತಿಗೆ ಕುಳಿತರು.

ಮಧ್ಯಾಹ್ನ ದೊಡ್ಡಮ್ಮ ಕಪಾಟಿನಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಇಟ್ಟರು. ಒಳಗೆ ಮನಿಯಾರ್ಡರ್ ರಸೀದಿಗಳು. ಅಪ್ಪಯ್ಯ ಡಿಪ್ಲೊಮಾ ಓದುವಾಗ ದೊಡ್ಡಪ್ಪ ತಿಂಗಳಿಗೆ 150 ರೂಪಾಯಿ ಕಳಿಸುತ್ತಿದ್ದರು. ಪ್ರತಿ ಚೀಟಿಯಲ್ಲೂ ಹಣ ಮುಟ್ಟಿದೆ ಎಂದು ಅಪ್ಪಯ್ಯನ ಸಹಿ, ಹುಡುಗನ ಗುಂಡಗಿನ ಅಕ್ಷರದಲ್ಲಿ. ಪಾಲಿನ ಕತೆಯನ್ನು ಮನೆಯಲ್ಲಿ ಹತ್ತು ಸಲ ಕೇಳಿದ್ದೇನೆ. ಈ ಕತೆ ಕೇಳಿದ್ದು ಅದೇ ಮೊದಲು. ದೊಡ್ಡಪ್ಪನನ್ನು ಕೇಳಿಯೇ ಒಂದು ರಸೀದಿಯ ಫೋಟೊ ತೆಗೆದು ಅಪ್ಪಯ್ಯನಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ರಾತ್ರಿ ಎಂಟಕ್ಕೆ ದೊಡ್ಡಪ್ಪನ ಫೋನ್ ಹೊಡೆದುಕೊಂಡಿತು. ಅವರು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಒಳಗೆ ಬಂದಾಗ ಮುಕ್ಕಾಲು ಗಂಟೆಯಾಗಿತ್ತು. ತೆಂಗಿನ ಸಾಲಿನ ತೀರ್ಮಾನ ಇನ್ನೂ ಆಗಿಲ್ಲ. ಆದರೆ ಆಮೇಲೆ ಬಂದ ಯುಗಾದಿಗೆ ಎರಡೂ ಕಡೆಯಿಂದ ಫೋನ್ ಹೋಯಿತು.

ನೀವೂ ಓಡುವವರಾದರೆ ಮುಂದಿನ ಓಟ ಆರಿಸುವಾಗ ಹವಾಮಾನ, ದಾರಿಯ ಏರಿಳಿತದ ಜತೆಗೆ ನೆಂಟರ ವಿಳಾಸವನ್ನೂ ನೋಡಿ. ಹೋಗುವ ಮೊದಲು ನಿಮ್ಮ ಊಟ, ನಿದ್ದೆಯ ಅಗತ್ಯ ತಿಳಿಸಿ. ಓಟದ ಮಾರನೇ ದಿನವನ್ನು ಖಾಲಿ ಬಿಡಿ, ವಾಪಸ್ ಟಿಕೆಟನ್ನು ಅದರ ಮರುದಿನಕ್ಕೆ ತೆಗೆಸಿ. ರೈಲು ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುವುದರಿಂದ ಆ ತಾರೀಖನ್ನು ಗುರುತು ಹಾಕಿಟ್ಟುಕೊಳ್ಳಿ.

ಮುಂಬೈ ಮ್ಯಾರಥಾನ್‌ನಲ್ಲಿ ಹಿರಿಯ ನಾಗರಿಕರಿಗೆಂದೇ ನಾಲ್ಕು ಕಿಲೋಮೀಟರ್ ಆಸುಪಾಸಿನ ಓಟವೊಂದಿದೆ. ಅದಕ್ಕೆ ಎಷ್ಟು ದುಡ್ಡು ಕಟ್ಟಬೇಕು ಎಂದು ದೊಡ್ಡಪ್ಪ ಫೋನಿನಲ್ಲಿ ಈಗಾಗಲೇ ಎರಡು ಸಲ ಕೇಳಿದ್ದಾರೆ.