ಆಹಾರದಲ್ಲಿ ನಾರಿನ ಸ್ಥಾನ

ಆಹಾರಪದಾರ್ಥಗಳ ಪೌಷ್ಟಿಕಾಂಶವನ್ನು ತಿಳಿಸುವ ಹಳೆಯ ಕೋಷ್ಟಕಗಳನ್ನು ನೋಡುವ ವಿದ್ಯಾರ್ಥಿಗೆ, ನಾರಿನ ಅಂಕಣವು ಗಣನೆಗೆ ಬಾರದಷ್ಟು ಅಲ್ಪವಾಗಿ ತೋರುತ್ತದೆ. ನೂರು ಗ್ರಾಂ ಪಾಲಿಷ್ ಮಾಡಿದ ಅಕ್ಕಿಯಲ್ಲಿ ೦.೨ ಗ್ರಾಂ, ಇಡಿಗೋಧಿಯ ಹಿಟ್ಟಿನಲ್ಲಿ ೧.೯ ಗ್ರಾಂ, ರಾಗಿಯಲ್ಲಿ ೩.೬ ಗ್ರಾಂ ಎಂದು ಅಲ್ಲಿ ನಮೂದಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಾದರೋ ಇವೇ ಮೂರು ಪದಾರ್ಥಗಳಿಗೆ ಕ್ರಮವಾಗಿ ೨.೮, ೧೧.೪ ಮತ್ತು ೧೧.೨ ಗ್ರಾಂ ಎಂದು ಕೊಟ್ಟಿದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಧಾನ್ಯಗಳಲ್ಲಿಲ್ಲ. ಅಳೆಯುವ ವಿಧಾನವೂ, ನಾರೆಂದರೆ ಏನೆಂಬ ಕಲ್ಪನೆಯೂ ಬದಲಾದವು. ಇದನ್ನು ತಿಳಿಯದೆ ಹಳೆಯ ಮತ್ತು ಹೊಸ ಅಂಕಿಗಳನ್ನು ಬೆರೆಸಿ ಬಳಸಿದರೆ ತಪ್ಪು ನಿರ್ಣಯಕ್ಕೆ ಬರುವುದು ಅನಿವಾರ್ಯ. ಆದಕಾರಣ ಈ ವಿಷಯವನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಹಳೆಯ ಅಂಕಿಗಳ ಮೂಲವು ಜರ್ಮನಿಯ ವೀಂಡೆ ಎಂಬ ಕೃಷಿ ಪ್ರಯೋಗಕೇಂದ್ರದಲ್ಲಿದೆ. ೧೮೬೦ರ ದಶಕದಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಎಂಬ ವಿಜ್ಞಾನಿಗಳು ದನಕರುಗಳ ಮೇವನ್ನು ಪರೀಕ್ಷಿಸುವುದಕ್ಕಾಗಿ ಅಲ್ಲಿ ಒಂದು ವಿಧಾನವನ್ನು ರೂಪಿಸಿದರು. ಪದಾರ್ಥವನ್ನು ಮೊದಲು ದುರ್ಬಲ ಆಮ್ಲದಲ್ಲಿಯೂ ಅನಂತರ ದುರ್ಬಲ ಕ್ಷಾರದಲ್ಲಿಯೂ ಕುದಿಸಿ, ಕರಗದೆ ಉಳಿದ ಸಾವಯವ ಭಾಗವನ್ನು ‘ಒರಟು ನಾರು’ ಎಂದು ಕರೆಯುವುದೇ ಆ ವಿಧಾನ. ಹೀಗೆ ಉಳಿಯುವುದು ಬಹುಮಟ್ಟಿಗೆ ಸೆಲ್ಯುಲೋಸ್ ಮತ್ತು ಲಿಗ್ನಿನ್ನಿನ ಒಂದಂಶ ಮಾತ್ರ. ಪೆಕ್ಟಿನ್, ಅಂಟು ಪದಾರ್ಥಗಳು ಮತ್ತು ಹೆಮಿಸೆಲ್ಯುಲೋಸಿನ ಹೆಚ್ಚಿನ ಭಾಗವು ಕರಗಿ ಲೆಕ್ಕದಿಂದ ತಪ್ಪಿಹೋಗುತ್ತವೆ. ಮನುಷ್ಯನ ಕರುಳು ಕುದಿಯುವ ಆಮ್ಲದ ಪಾತ್ರೆಯಲ್ಲ. ಆ ಪಾತ್ರೆಯಲ್ಲಿ ಕರಗಿದುದು ನಮ್ಮ ದೇಹದಲ್ಲಿಯೂ ಜೀರ್ಣವಾಗುತ್ತದೆಂದು ಭಾವಿಸಲು ಆಧಾರವಿಲ್ಲ.

‘ಆಹಾರನಾರು’ ಎಂಬ ಹೆಸರನ್ನು ೧೯೫೩ರಲ್ಲಿ ಹಿಪ್ಸ್‌ಲಿ ಎಂಬಾತನು ಬಳಕೆಗೆ ತಂದನು. ಪೂರ್ವ ಆಫ್ರಿಕದಲ್ಲಿ ದೀರ್ಘಕಾಲ ವೈದ್ಯನಾಗಿದ್ದ ಹ್ಯೂ ಟ್ರೊವೆಲನು ೧೯೭೨ರಲ್ಲಿ ಅದಕ್ಕೆ ಶರೀರಶಾಸ್ತ್ರಕ್ಕೆ ಒಪ್ಪುವ ಅರ್ಥವನ್ನು ಕೊಟ್ಟನು. ಸಸ್ಯಕೋಶಗಳ ಭಿತ್ತಿಯಲ್ಲಿ ಮನುಷ್ಯನ ಜೀರ್ಣರಸಗಳಿಗೆ ಒಡೆಯಲಾಗದ ಭಾಗವೇ ಆಹಾರನಾರು ಎಂಬುದು ಆತನ ವಿವರಣೆಯ ಸಾರ. ಈಗ ಪ್ರಯೋಗಶಾಲೆಗಳಲ್ಲಿ ಪಿಷ್ಟವನ್ನೂ ಪ್ರೋಟೀನನ್ನೂ ಕಿಣ್ವಗಳಿಂದ ಕರಗಿಸಿ ಉಳಿದುದನ್ನು ಅಳೆಯುತ್ತಾರೆ. ಹೊಸ ಅಂಕಿಗಳು ದೊಡ್ಡವಾಗಿರುವುದು ಈ ಕಾರಣದಿಂದ.

ಜೀರ್ಣವಾಗದ ವಸ್ತುವಿನಿಂದ ದೇಹಕ್ಕೆ ಏನು ಪ್ರಯೋಜನವೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದರ ಕಾರ್ಯವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಒಂದನೆಯದಾಗಿ, ಗೋಧಿಯ ತೌಡಿನಂತಹ ಕರಗದ ನಾರು ನೀರನ್ನು ಹಿಡಿದಿಟ್ಟುಕೊಂಡು ಮಲದ ಗಾತ್ರವನ್ನು ಹೆಚ್ಚಿಸಿ ಅದರ ಚಲನೆಯನ್ನು ಸುಗಮಗೊಳಿಸುತ್ತದೆ. ಎರಡನೆಯದಾಗಿ, ಮೆಂತ್ಯ ಮತ್ತು ಓಟ್ಸ್‌ಗಳಲ್ಲಿರುವ ಲೋಳೆಯಂತಹ ನಾರು ಸಕ್ಕರೆಯು ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಪಿತ್ತಾಮ್ಲಗಳನ್ನು ಹಿಡಿದು ಹೊರಹಾಕುವುದರ ಮೂಲಕ ರಕ್ತದ ಕೊಲೆಸ್ಟರಾಲನ್ನೂ ಕಡಮೆ ಮಾಡುತ್ತದೆ. ಮೂರನೆಯದಾಗಿ, ದೊಡ್ಡ ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ನಾರಿನ ಒಂದು ಭಾಗವನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳನ್ನು ಉತ್ಪಾದಿಸುತ್ತವೆ. ಇವುಗಳಲ್ಲಿ ಬ್ಯುಟಿರಿಕ್ ಆಮ್ಲವು ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ. ನಮಗೆ ಕಸವೆಂದು ತೋರಿದುದು ನಮ್ಮೊಳಗಿನ ಜೀವಿಗಳಿಗೆ ಅನ್ನವಾಗಿದೆ.

ಈ ವಿಷಯದತ್ತ ಲೋಕದ ಗಮನವನ್ನು ಸೆಳೆದವನು ಉಗಾಂಡದಲ್ಲಿ ಶಸ್ತ್ರವೈದ್ಯನಾಗಿದ್ದ ಡೆನಿಸ್ ಬರ್ಕಿಟ್. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿದ್ದ ಹಲವು ಕರುಳುಬೇನೆಗಳು ಆಫ್ರಿಕದ ಗ್ರಾಮೀಣರಲ್ಲಿ ಅಪರೂಪವೆಂಬುದನ್ನು ಆತನು ಕಂಡನು. ಅವನೂ ಅವನ ಸಹೋದ್ಯೋಗಿಗಳೂ ೧೯೭೨ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಆಹಾರವು ದೇಹವನ್ನು ಹಾದುಹೋಗಲು ಉಗಾಂಡದ ಹಳ್ಳಿಗರಲ್ಲಿ ಸುಮಾರು ಒಂದೂವರೆ ದಿನ ಸಾಕಾಗಿದ್ದರೆ, ಬ್ರಿಟನ್ನಿನವರಲ್ಲಿ ಸುಮಾರು ಮೂರೂವರೆ ದಿನ ಹಿಡಿಯುತ್ತಿತ್ತು. ಆದರೆ ಎರಡು ಜನಾಂಗಗಳ ನಡುವೆ ನಾರಲ್ಲದೆ ಇನ್ನೂ ನೂರು ಭೇದಗಳಿರುತ್ತವೆ. ಹೋಲಿಕೆಯು ಊಹೆಗೆ ದಾರಿ ತೋರಬಲ್ಲದೇ ಹೊರತು ಅದೇ ಸಿದ್ಧಾಂತವಾಗಲಾರದು. ೨೦೦೦ದಲ್ಲಿ ಅಮೆರಿಕದಿಂದ ಪ್ರಕಟವಾದ ಎರಡು ಪ್ರಯೋಗಗಳಲ್ಲಿ, ಮೂರು ನಾಲ್ಕು ವರ್ಷಗಳ ಕಾಲ ನಾರನ್ನು ಹೆಚ್ಚಿಸಿದರೂ ದೊಡ್ಡ ಕರುಳಿನ ಗಂಟುಗಳು ಮರುಕಳಿಸುವುದು ಕಡಮೆಯಾಗಲಿಲ್ಲ. ಅನಂತರ ೨೦೧೯ರಲ್ಲಿ ೧೮೫ ದೀರ್ಘಕಾಲೀನ ಅಧ್ಯಯನಗಳನ್ನೂ ೫೮ ಪ್ರಯೋಗಗಳನ್ನೂ ಒಟ್ಟುಗೂಡಿಸಿದ ವಿಮರ್ಶೆಯು, ನಾರನ್ನು ಅತ್ಯಧಿಕವಾಗಿ ಸೇವಿಸುವವರಲ್ಲಿ ಅತ್ಯಲ್ಪವಾಗಿ ಸೇವಿಸುವವರಿಗಿಂತ ಮರಣಪ್ರಮಾಣವೂ ಹೃದ್ರೋಗ, ಮಧುಮೇಹಾದಿಗಳೂ ಶೇಕಡ ೧೫ರಿಂದ ೩೦ರಷ್ಟು ಕಡಮೆಯೆಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ ೨೫ ಗ್ರಾಂ ನಾರು, ಅದೂ ಆಹಾರದಲ್ಲಿ ಸ್ವಭಾವತಃ ಇರುವಂತಹದು, ಅಗತ್ಯವೆಂದು ಸೂಚಿಸಿತು.

ಈ ಪ್ರಮಾಣವನ್ನು ನಮ್ಮ ಊಟಕ್ಕೆ ಅನ್ವಯಿಸಿ ನೋಡೋಣ. ದಿನಕ್ಕೆ ಮುನ್ನೂರು ಗ್ರಾಂ ಬಿಳಿ ಅಕ್ಕಿಯನ್ನು ಉಣ್ಣುವ ವಿದ್ಯಾರ್ಥಿಗೆ ಅದರಿಂದ ದೊರೆಯುವ ನಾರು ಎಂಟೂವರೆ ಗ್ರಾಂ ಮಾತ್ರ. ಅದರಲ್ಲಿ ನೂರು ಗ್ರಾಮನ್ನು ಬಿಟ್ಟು ಅಷ್ಟೇ ರಾಗಿಯ ಹಿಟ್ಟಿನ ಮುದ್ದೆಯನ್ನು ಉಂಡರೆ ಮೊತ್ತವು ಹದಿನೇಳು ಗ್ರಾಮಿಗೆ ಏರುತ್ತದೆ. ಐವತ್ತು ಗ್ರಾಂ ಇಡಿ ಹೆಸರುಕಾಳಿನಿಂದ ಮತ್ತೆ ಎಂಟೂವರೆ ಗ್ರಾಂ ಸೇರುತ್ತದೆ. ಸೊಪ್ಪು, ತರಕಾರಿ, ಹಣ್ಣುಗಳನ್ನು ಎಣಿಸುವ ಮೊದಲೇ ಕನಿಷ್ಠ ಪ್ರಮಾಣವು ಪೂರೈಸಿತು. ರಾಗಿಯ ಕಾಳಿನ ಹೊಟ್ಟು ಒಳಭಾಗಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದನ್ನು ಇಡಿಯಾಗಿಯೇ ಬೀಸುವುದು ವಾಡಿಕೆ. ಅಕ್ಕಿಯ ತೌಡನ್ನಾದರೋ ಗಿರಣಿಯು ಸುಲಭವಾಗಿ ಉಜ್ಜಿ ತೆಗೆಯುತ್ತದೆ. ಕೂಲಿಯವನ ಊಟವೆಂದು ರಾಗಿಯನ್ನು ತೊರೆದು ಬೆಳ್ಳನೆಯ ಅನ್ನಕ್ಕೆ ಬಂದ ಮನೆಗಳು ತಮಗೆ ಅರಿವಿಲ್ಲದೆಯೇ ಏನನ್ನು ಕಳೆದುಕೊಂಡವೆಂಬುದು ಈ ಲೆಕ್ಕದಿಂದ ವಿಶದವಾಗುತ್ತದೆ.

ಆದರೆ ಅತಿಯು ಎಲ್ಲೆಡೆಯೂ ವರ್ಜ್ಯ. ನಾರನ್ನು ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆಯುಬ್ಬರವಾಗುವುದರಿಂದ ಕೆಲವು ವಾರಗಳಲ್ಲಿ ಕ್ರಮಕ್ರಮವಾಗಿ ಹೆಚ್ಚಿಸಬೇಕು. ನೀರನ್ನೂ ತಕ್ಕಷ್ಟು ಕುಡಿಯಬೇಕು. ಧಾನ್ಯದ ಹೊರಪದರದಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸತುವುಗಳ ಹೀರಿಕೆಯನ್ನು ತಡೆಯುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಈ ದೋಷವು ತಗ್ಗುತ್ತದೆ. ಹಸುಗೂಸಿನ ಸಣ್ಣ ಹೊಟ್ಟೆಗೆ ಗಾತ್ರಕ್ಕಿಂತ ಸಾರವೇ ಮುಖ್ಯ. ನಮ್ಮ ತಾಯಂದಿರು ಕೂಸಿಗೆಂದು ರಾಗಿಯನ್ನು ಮೊಳಕೆಗಟ್ಟಿಸಿ, ಹಿಟ್ಟನ್ನು ವಸ್ತ್ರಗಾಳಿತ ಮಾಡಿ ಸರಿಯನ್ನು ಕಾಯಿಸುತ್ತಿದ್ದುದು ಈ ಎರಡು ನಿಯಮಗಳಿಗೂ ಅನುಗುಣವಾಗಿಯೇ ಇದೆ.

ನಾರಿನ ಚರಿತ್ರೆಯಿಂದ ವಿದ್ಯಾರ್ಥಿಗಳು ಗ್ರಹಿಸಬೇಕಾದ ಪಾಠವು ಊಟಕ್ಕೆ ಮಾತ್ರ ಸಂಬಂಧಿಸಿದುದಲ್ಲ. ದನದ ಮೇವಿಗಾಗಿ ಹುಟ್ಟಿದ ಅಳತೆಯೊಂದು ಸುಮಾರು ನೂರು ವರ್ಷಗಳ ಕಾಲ ಮನುಷ್ಯನ ಆಹಾರದ ಮೌಲ್ಯವನ್ನು ಮರೆಮಾಡಿತು. ಕೋಷ್ಟಕದಲ್ಲಿ ಕಾಣುವ ಯಾವ ಅಂಕಿಯನ್ನಾದರೂ ಸ್ವೀಕರಿಸುವ ಮೊದಲು ಅದನ್ನು ಯಾವ ವಿಧಾನದಿಂದ, ಯಾವ ಉದ್ದೇಶಕ್ಕಾಗಿ ಅಳೆದರೆಂಬುದನ್ನು ವಿಚಾರಿಸುವುದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಮಾನವಾದ ಕರ್ತವ್ಯ.