ಹೃದ್ರೋಗ ನಿವಾರಣೆಯೂ ಹಳ್ಳಿಯ ಆರೋಗ್ಯ ಕೇಂದ್ರವೂ

2025ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಹಾಸನದ ಕಡೆಯ ಹೃದಯಾಘಾತದ ಮರಣವಾರ್ತೆಗಳು ನಾಡಿನಲ್ಲೆಲ್ಲ ಹಬ್ಬಿದೊಡನೆಯೇ, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾವಿರಾರು ಜನರು ಸಾಲುಗಟ್ಟಿ ನಿಂತುದನ್ನು ಓದುಗರು ಮರೆತಿರಲಾರರು. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜಕುಮಾರರು ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಇಂತಹುದೇ ಭೀತಿ ಹರಡಿದ್ದಿತು. ಅವರ ತಂದೆಯವರ ಊರಾದ ಗಾಜನೂರು ಚಾಮರಾಜನಗರದ ಗಡಿಗೆ ಹೊಂದಿಕೊಂಡೇ ಇರುವುದರಿಂದ ಈ ಸೀಮೆಯವರಿಗೆ ಅದು ಮನೆಯ ದುಃಖವೇ ಆಗಿದ್ದಿತು. ಆದರೆ ಭೀತಿಯಿಂದ ಒಂದು ದಿನ ಮೈಸೂರಿಗೆ ಓಡಿ ಹೃದಯದ ಚಿತ್ರ ತೆಗೆಸಿಕೊಂಡು ಬರುವುದಕ್ಕೂ ರೋಗವನ್ನು ತಡೆಯುವುದಕ್ಕೂ ಬಹಳ ಅಂತರವುಂಟು. ತಡೆಯುವ ಕೆಲಸವು ನಡೆಯತಕ್ಕದ್ದು ಬೇಗೂರು, ಹಂಗಳ, ತೆರಕಣಾಂಬಿ, ಸಂತೆಮರಹಳ್ಳಿಗಳಂತಹ ಊರುಗಳ ಆರೋಗ್ಯ ಕೇಂದ್ರಗಳಲ್ಲಿ.

ಹೃದ್ರೋಗವು ಪಟ್ಟಣದ ಸಿರಿವಂತರ ಕಾಯಿಲೆ, ಉಂಡುಟ್ಟು ಕುಳಿತವರ ಕಾಯಿಲೆ ಎಂಬ ನಂಬುಗೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಇದು ಸುಳ್ಳೆಂಬುದಕ್ಕೆ ಮೈಸೂರೇ ಸಾಕ್ಷಿಯನ್ನೊದಗಿಸಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳ ತೂಕವನ್ನು ದಫ್ತರಗಳಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರ ವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿ, 1996ರಲ್ಲಿ ವಿದ್ವಾಂಸರು ಅದರ ಫಲವನ್ನು ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದಿತು, 3.1 ಕಿಲೋ ಮತ್ತು ಮೇಲ್ಪಟ್ಟು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾಯಿಯ ಗರ್ಭದಲ್ಲಿ ಪೋಷಣೆ ಸಾಲದೆ ಬೆಳೆದ ದೇಹವು ಐವತ್ತು ವರ್ಷಗಳ ಅನಂತರ ಅದರ ಬೆಲೆಯನ್ನು ತೆರಬೇಕಾಗುತ್ತದೆ. ಹೀಗಿರುವಲ್ಲಿ ಬಡ ಬಸುರಿಯ ಊಟವೂ ಹೃದ್ರೋಗ ನಿವಾರಣೆಯ ಕಾರ್ಯಕ್ರಮದಲ್ಲಿ ಸೇರತಕ್ಕದ್ದೇ ಅಲ್ಲವೆ?

ಇನ್ನು ಜೀವನಕ್ರಮದ ಉಪದೇಶದ ವಿಚಾರ. ದಿನವೂ ಅರ್ಧ ಗಂಟೆ ನಡೆಯಿರಿ ಎಂದು ಭಿತ್ತಿಪತ್ರಗಳು ಸಾರುತ್ತಿವೆ. ಗುಂಡ್ಲುಪೇಟೆಯ ಅರಿಸಿನದ ಹೊಲದಲ್ಲಿ ಹೊತ್ತು ಮೂಡಿದಂದಿನಿಂದ ಬಗ್ಗಿ ದುಡಿಯುವ ಹೆಣ್ಣಾಳಿಗೆ ಈ ಮಾತನ್ನು ಹೇಳುವುದು ಪರಿಹಾಸ್ಯವಲ್ಲದೆ ಮತ್ತೇನು? ಅಂಗಡಿಯ ಗಲ್ಲದಲ್ಲಿ ಕುಳಿತವನಿಗೆ, ಕಛೇರಿಯ ಗುಮಾಸ್ತನಿಗೆ, ಊಟಿಯ ರಸ್ತೆಯಲ್ಲಿ ದಿನವಿಡೀ ಮೋಟಾರು ನಡೆಸುವವನಿಗೆ ಅದು ಸಲ್ಲುತ್ತದೆ. ಹೊಲದ ಆಳಿಗೆ ಹೇಳಬೇಕಾದ ಮಾತು ಬೇರೆ: ಬೀಡಿಯನ್ನೂ ಎಲೆ-ಅಡಿಕೆಯೊಡನೆ ಅಗಿಯುವ ಕಡ್ಡಿಪುಡಿಯನ್ನೂ ಬಿಡುವುದು, ಉಪ್ಪನ್ನು ಇಳಿಸುವುದು, ರಕ್ತದ ಒತ್ತಡವನ್ನು ಅಳೆಸಿಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಮೆ, ಎಂದರೆ ಒಂದು ಟೀ ಚಮಚೆಯಷ್ಟೂ ಮೀರದ, ಉಪ್ಪು ಸಾಕೆಂದಿದೆ. ಉಪ್ಪೆಸರನ್ನು ಬಿಡಿರೆಂದು ನಾವು ಹೇಳುವುದಿಲ್ಲ. ರಾಗಿಮುದ್ದೆ, ಹುರುಳಿ, ಸೊಪ್ಪುಗಳ ಆ ಊಟಕ್ಕಿಂತ ಉತ್ತಮವಾದುದು ಯಾವ ದೇಶದಲ್ಲಿದೆ? ಅದರ ಪಕ್ಕದ ಉಪ್ಪಿನಕಾಯಿ, ಹಪ್ಪಳಗಳನ್ನೂ, ಈಚೆಗೆ ಹಳ್ಳಿಯ ಪೆಟ್ಟಿಗೆ ಅಂಗಡಿಗಳಲ್ಲಿ ತೋರಣದಂತೆ ತೂಗಾಡುವ ಕುರುಕಲು ತಿಂಡಿಯ ಪೊಟ್ಟಣಗಳನ್ನೂ ಕುರಿತು ಹೇಳುತ್ತೇವೆ. ಗುಂಡ್ಲುಪೇಟೆಯ ತರಕಾರಿ ಲಾರಿಗಳಲ್ಲಿ ಕೇರಳಕ್ಕೆ ಹೋಗುತ್ತದೆ, ಅದೇ ಊರಿನ ಮಕ್ಕಳ ಕೈಗೆ ಈ ಪೊಟ್ಟಣಗಳು ಬರುತ್ತವೆ. ಇದೂ ಒಂದು ವ್ಯಾಪಾರವೇ!

ಮಹಾತ್ಮರು 1927ರಲ್ಲಿ ರಕ್ತದ ಒತ್ತಡದಿಂದ ಅಸ್ವಸ್ಥರಾಗಿ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ತಂಗಿದ್ದುದು ಕನ್ನಡಿಗರಿಗೆ ತಿಳಿದ ಸಂಗತಿ. ಮಿತಾಹಾರವನ್ನೂ ನಡೆಯುವ ಅಭ್ಯಾಸವನ್ನೂ ವ್ರತದಂತೆ ಪಾಲಿಸಿದವರಿಗೇ ಒತ್ತಡ ಬಂದಿತೆಂದ ಮೇಲೆ, ರೋಗಿಯನ್ನು ಸೋಮಾರಿಯೆಂದೂ ಜಿಹ್ವಾಚಪಲನೆಂದೂ ಹಳಿಯುವ ಅಧಿಕಾರ ವೈದ್ಯರಿಗಾಗಲಿ ಉಪದೇಶಕರಿಗಾಗಲಿ ಇಲ್ಲ. ಉಪ್ಪಿನ ಕರದ ಮೇಲೆ ದೇಶವನ್ನೇ ಎಬ್ಬಿಸಿದ ಅವರು ತಮ್ಮ ಊಟದಲ್ಲಿ ವರ್ಷಗಟ್ಟಲೆ ಉಪ್ಪನ್ನು ಬಿಟ್ಟಿದ್ದರೆಂಬುದನ್ನು ಮಾತ್ರ ಇಲ್ಲಿ ನೆನೆಯಬಹುದು.

ಸರ್ಕಾರವು ಏನೂ ಮಾಡಿಲ್ಲವೆನ್ನಲಾಗದು. 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಗಿ, ಮೂವತ್ತು ದಾಟಿದವರೆಲ್ಲರ ರಕ್ತದ ಒತ್ತಡ ಹಾಗೂ ಸಕ್ಕರೆಯ ಪರೀಕ್ಷೆಯು ಹಳ್ಳಿಯ ಉಪಕೇಂದ್ರದವರೆಗೆ ಬಂದಿದೆ. 2024ರಲ್ಲಿ ಪುನೀತರ ಹೆಸರಿನಲ್ಲಿ ಪ್ರಾರಂಭವಾದ ಹೃದಯಜ್ಯೋತಿ ಯೋಜನೆಯು, ಎದೆನೋವಿನಿಂದ ತಾಲ್ಲೂಕು ಆಸ್ಪತ್ರೆಗೆ ಬಂದವನಿಗೆ ರಕ್ತದ ಗರಣೆಯನ್ನು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತದೆ. ಶ್ಲಾಘನೀಯವೇ ಸರಿ, ಆದರೆ ಅದು ಮನೆಗೆ ಬೆಂಕಿ ಬಿದ್ದ ಮೇಲಿನ ನೀರು. ಅಳೆದು, ಪಟ್ಟಿಯಲ್ಲಿ ಬರೆದು, ಮರುತಿಂಗಳು ಆ ಮನುಷ್ಯ ಏನಾದನೆಂದು ವಿಚಾರಿಸದಿದ್ದರೆ ಪರೀಕ್ಷೆಯು ಲೆಕ್ಕಕ್ಕಷ್ಟೇ ಆಗುತ್ತದೆ.

ವಿಚಾರಿಸುವುದು ಸಾಧ್ಯವೆಂಬುದನ್ನು ಈ ಜಿಲ್ಲೆಯೇ ತೋರಿಸಿದೆ. ಡಾಕ್ಟರ್ ಸುದರ್ಶನರ ನೇತೃತ್ವದಲ್ಲಿ 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗಿಗಳನ್ನು ಮನೆಮನೆಗೆ ಹೋಗಿ ಹುಡುಕಿ, ಔಷಧ ತಪ್ಪದಂತೆ ನೋಡಿಕೊಂಡಿತು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಸರ್ಕಾರ ಅದರ ವಶಕ್ಕೆ ಕೊಟ್ಟಿತು. ವರ್ಷಗಟ್ಟಲೆ ಔಷಧ ಬೇಡುವ ರೋಗಕ್ಕೆ ಒಪ್ಪಿದ ಕ್ರಮವು ರಕ್ತದ ಒತ್ತಡಕ್ಕೆ ಏಕೆ ಒಪ್ಪಬಾರದು? ಹೊರದೇಶದ ನಿದರ್ಶನ ಬೇಕೆಂಬವರು ಫಿನ್ಲೆಂಡಿನ ಉತ್ತರ ಕರೇಲಿಯಾ ಪ್ರಾಂತ್ಯವನ್ನು ನೋಡಬಹುದು. ಬೆಣ್ಣೆಯೂ ತಂಬಾಕೂ ಹೇರಳವಾಗಿದ್ದ ಆ ಹಳ್ಳಿಗಾಡಿನಲ್ಲಿ 1972ರಿಂದ ದಾದಿಯರೂ ಗೃಹಿಣಿಯರೂ ಒಟ್ಟುಗೂಡಿ ದುಡಿದುದರ ಫಲವಾಗಿ, ಮೂರೂವರೆ ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಇಳಿಯಿತು.

ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿಯ ಪದವಿ ಹೋಗುವುದೆಂಬ ಮೌಢ್ಯಕ್ಕೆ ಅಂಜಿ ಅನೇಕರು ಈ ಊರಿನತ್ತ ಸುಳಿಯದ ಕಾಲವೊಂದಿದ್ದಿತು. ಮಂತ್ರಿಗಳು ಬರಲಿ ಬಿಡಲಿ, ಮಾತ್ರೆಗಳು ಬರಬೇಕು. ಒತ್ತಡದ ಮಾತ್ರೆಯು ಅಗ್ಗವಾದುದು. ಅದು ಉಪಕೇಂದ್ರದಲ್ಲಿ ಒಂದು ತಿಂಗಳೂ ಮುಗಿಯದಂತೆ ಇರಬೇಕು. ಕೂಲಿಗಾಗಿ ಕೊಡಗಿಗೆ ಹೊರಡುವವನಿಗೆ ಎರಡು ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಟ್ಟು ಕಳುಹಿಸಬೇಕು. ಹಗಲೆಲ್ಲ ಹೊಲದಲ್ಲಿರುವವರು ಕೇಂದ್ರಕ್ಕೆ ಬರಲಾರರಾದುದರಿಂದ, ತೆರಕಣಾಂಬಿ, ಸಂತೆಮರಹಳ್ಳಿಗಳಲ್ಲಿ ಸಂತೆಯ ದಿನ ಒಂದು ಮೇಜು, ಒತ್ತಡ ಅಳೆಯುವ ಒಂದು ಯಂತ್ರ, ಒಬ್ಬ ಆರೋಗ್ಯ ಸಹಾಯಕಿ ಇಷ್ಟನ್ನು ಏರ್ಪಡಿಸುವುದು ಜಿಲ್ಲೆಯ ಅಧಿಕಾರಿಗಳಿಗೆ ಅಸಾಧ್ಯವಾದುದಲ್ಲ. ಬರುವ ಸಂತೆಯಿಂದಲೇ ಇದನ್ನು ಪ್ರಾರಂಭಿಸಬಹುದು.